ಹನ್ನೊಂದು ಹೆಸರುಗಳೂ ಒಂದು ವ್ಯೂಹವೂ

ಕಾಲ್ಚೆಂಡಾಟವನ್ನು ಕುರಿತು ಮಾತನಾಡುವವರಲ್ಲಿ ಬಹುಕಾಲದಿಂದಲೂ ಎರಡು ಪಕ್ಷಗಳಿವೆ. ಪಂದ್ಯವನ್ನು ಗೆಲ್ಲಿಸುವುದು ವ್ಯೂಹವೆಂದೂ, ಹನ್ನೊಂದು ಮಂದಿಯನ್ನು ಅಂಗಳದಲ್ಲಿ ಎಲ್ಲೆಲ್ಲಿ ನಿಲ್ಲಿಸಬೇಕೆಂಬ ವಿವೇಕವೇ ಆಟದ ಸಾರವೆಂದೂ, ಉಳಿದದ್ದೆಲ್ಲ ಬರಿಯ ಕಾಲಿನ ಕೆಲಸವೆಂದೂ ಒಂದು ಪಕ್ಷ. ಚೆಂಡು ಯಾವನ ಪಾದದಲ್ಲಿದೆಯೋ ಅವನ ಪ್ರತಿಭೆಯೇ ಸರ್ವಸ್ವವೆಂದೂ, ವ್ಯೂಹಗಳೆಂಬುವು ಪಂದ್ಯ ಮುಗಿದ ಮೇಲೆ ಗೆದ್ದವರ ಕೀರ್ತಿಗಾಗಿಯೋ ಸೋತವರ ಸಮಾಧಾನಕ್ಕಾಗಿಯೋ ಬರೆಯುವ ಭಾಷ್ಯಗಳೆಂದೂ ಇನ್ನೊಂದು ಪಕ್ಷ. ಮೊದಲನೆಯವರ ಬಾಯಲ್ಲಿ ಸದಾ ಅಂಕೆಗಳು, ಎರಡನೆಯವರ ಬಾಯಲ್ಲಿ ಸದಾ ಹೆಸರುಗಳು. ವ್ಯೂಹವೆಂದೊಡನೆ ಕನ್ನಡಿಗನಿಗೆ ದ್ರೋಣಪರ್ವದ ಚಕ್ರವ್ಯೂಹವೂ ಅದನ್ನು ಹೊಕ್ಕ ಅಭಿಮನ್ಯುವೂ ನೆನಪಾಗುವುದು ಸಹಜವೇ. ಆದರೆ ಆ ಹೋಲಿಕೆ ಇಲ್ಲಿ ನಮ್ಮನ್ನು ದಾರಿತಪ್ಪಿಸುತ್ತದೆ. ಅಲ್ಲಿ ವ್ಯೂಹವು ಒಂದು ಕಡೆಯದು, ವೀರನು ಮತ್ತೊಂದು ಕಡೆಯವನು. ಕಾಲ್ಚೆಂಡಿನಲ್ಲಿಯಾದರೋ ವೀರನೂ ವ್ಯೂಹವೂ ಒಂದೇ ಪಕ್ಷದಲ್ಲಿದ್ದು, ಒಂದರ ನೆರವಿಲ್ಲದೆ ಇನ್ನೊಂದು ಕಾಣಿಸಿಕೊಳ್ಳಲಾರದು. ಈ ಮಾತನ್ನು ಎರಡು ಪಕ್ಷದವರೂ ಮೊದಲ ಐದು ನಿಮಿಷದಲ್ಲಿಯೇ ಒಪ್ಪಿಕೊಂಡು, ಆರನೆಯ ನಿಮಿಷದಲ್ಲಿ ಮರೆತು, ಜಗಳವನ್ನು ಮುಂದುವರಿಸುತ್ತಾರೆ.

ಈ ವಾದದ ಬೇರನ್ನು ಹುಡುಕುವವನು ಪ್ರತಿಭೆಯ ಕಡೆಗಾಗಲಿ ಬುದ್ಧಿಯ ಕಡೆಗಾಗಲಿ ನೋಡುವುದಕ್ಕೆ ಮುನ್ನ ಒಂದು ನಿಯಮದ ಕಡೆಗೆ ನೋಡತಕ್ಕದ್ದು. 1925ರವರೆಗೆ, ಮುಂದೆ ನಿಂತು ಚೆಂಡನ್ನು ಪಡೆಯುವ ಆಟಗಾರನಿಗೂ ಗೋಲು ಗೆರೆಗೂ ನಡುವೆ ಎದುರು ಪಕ್ಷದ ಮೂವರಾದರೂ ಇಲ್ಲದಿದ್ದಲ್ಲಿ ಅದು ಆಫ್‌ಸೈಡ್ ಎನಿಸುತ್ತಿತ್ತು. ಆ ವರ್ಷ ಮೂವರೆಂಬುದನ್ನು ಇಬ್ಬರೆಂದು ತಿದ್ದಿದರು. ಇಂಗ್ಲಿಷ್ ಲೀಗಿನ 1,848 ಪಂದ್ಯಗಳಲ್ಲಿ ಹಿಂದಿನ ಋತುವಿನಲ್ಲಿ 4,700 ಗೋಲುಗಳಾಗಿದ್ದರೆ, ತಿದ್ದುಪಡಿಯಾದ ಋತುವಿನಲ್ಲಿ ಅಷ್ಟೇ ಪಂದ್ಯಗಳಲ್ಲಿ 6,373 ಗೋಲುಗಳಾದುವು. ದೇಶದ ಫಾರ್ವರ್ಡುಗಳೆಲ್ಲರೂ ಒಂದೇ ಬೇಸಗೆಯಲ್ಲಿ ಅಷ್ಟು ನಿಪುಣರಾದರೆಂದಾಗಲಿ, ಬ್ಯಾಕುಗಳೆಲ್ಲರೂ ಅಷ್ಟು ಮಂದಮತಿಗಳಾದರೆಂದಾಗಲಿ ಯಾರೂ ಹೇಳಲಾರರು. ಅವರ ಸುತ್ತಲಿನ ಅವಕಾಶ ಬದಲಾಯಿತು. ನಿನ್ನೆಯವರೆಗೆ ಬೆಲೆಯಿದ್ದ ಸಾಮರ್ಥ್ಯ ಕೆಲವರಲ್ಲಿ ಅಗ್ಗವಾಯಿತು, ಯಾರೂ ಗಣಿಸದಿದ್ದ ಸಾಮರ್ಥ್ಯ ಬೇರೆ ಕೆಲವರಲ್ಲಿ ತುಟ್ಟಿಯಾಯಿತು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವನು ಆ ವರ್ಷವೇ ಲಂಡನ್ನಿನ ಆರ್ಸೆನಲ್ ತಂಡಕ್ಕೆ ಬಂದ ಹರ್ಬರ್ಟ್ ಚಾಪ್‌ಮನ್. ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್ಲಿನಲ್ಲಿ ಏಳು ಗೋಲು ತಿಂದು ಒಂದನ್ನೂ ಹೊಡೆಯದೆ ಸೋತ ಬಳಿಕ, ತಂಡದ ನಾಯಕನಾಗಿದ್ದ ಚಾರ್ಲಿ ಬುಕನ್ ಒತ್ತಾಯಪಡಿಸಿದಂತೆ, ಅದುವರೆಗೆ ಅಂಗಳದ ನಡುವೆ ಸ್ವಚ್ಛಂದವಾಗಿ ತಿರುಗುತ್ತಿದ್ದ ಸೆಂಟರ್ ಹಾಫನ್ನು ಇಬ್ಬರು ಬ್ಯಾಕುಗಳ ನಡುವೆ ಮೂರನೆಯವನಾಗಿ ನಿಲ್ಲಿಸಿ, ನಡುವೆ ಉಂಟಾದ ಶೂನ್ಯವನ್ನು ತುಂಬಲು ಒಬ್ಬ ಇನ್‌ಸೈಡ್ ಫಾರ್ವರ್ಡನ್ನು ಹಿಂದಕ್ಕೆ ಸರಿಸಿದರು. ಆ ಕೆಲಸಕ್ಕೆ ಮೊದಲು ಆರಿಸಿದ್ದು ಆಂಡಿ ನೀಲ್ ಎಂಬಾತನನ್ನು. ಓಟದಲ್ಲಿ ಬಲು ನಿಧಾನವೆಂದು ಮೀಸಲು ತಂಡದಲ್ಲಿ ಬಿದ್ದಿದ್ದವನು ಅವನು, ಆದರೆ ಬಂದ ಚೆಂಡನ್ನು ನಿಲ್ಲಿಸಿ ಸರಿಯಾದ ಕಡೆಗೆ ಕಳುಹಿಸಬಲ್ಲವನು. ಮೊದಲಿನ ಏರ್ಪಾಟಿನಲ್ಲಿ ಅವನ ನಿಧಾನ ಎದ್ದು ಕಂಡಿತು, ಎರಡನೆಯದರಲ್ಲಿ ಅವನ ಚೆಂಡಿನ ಹಿಡಿತ ಎದ್ದು ಕಂಡಿತು, ಮನುಷ್ಯ ಒಬ್ಬನೇ. ಮುಂದೆ ಮೂರನೆಯ ಬ್ಯಾಕಿನ ಸ್ಥಾನಕ್ಕೆ ಹರ್ಬಿ ರಾಬರ್ಟ್ಸ್ ಬಂದನು. ಎದುರಾಳಿಯ ಸೆಂಟರ್ ಫಾರ್ವರ್ಡನ್ನು ಬಿಡದೆ ಕಾಯುವುದು, ಎತ್ತರದ ಚೆಂಡನ್ನು ತಲೆಯಿಂದ ಹೊರಗಟ್ಟುವುದು, ಇಷ್ಟೇ ಅವನ ವಿದ್ಯೆ. ಇಷ್ಟೇ ವಿದ್ಯೆಯವನೊಬ್ಬ ದೇಶದ ಅತ್ಯುತ್ತಮ ತಂಡಕ್ಕೆ ಅನಿವಾರ್ಯನಾದನು. ನೀಲನ ಕೆಲಸಕ್ಕೆ 1929ರಲ್ಲಿ ಪ್ರೆಸ್ಟನ್ನಿನಿಂದ ಅಲೆಕ್ಸ್ ಜೇಮ್ಸ್ ಬಂದನು. ಗೋಲು ಹೊಡೆಯುವ ಅಭ್ಯಾಸವಿದ್ದವನಿಗೆ ಹಿಂದೆ ನಿಂತು ಪರರಿಗೆ ಬಡಿಸುವ ಕೆಲಸ ಮೊದಮೊದಲು ರುಚಿಸಲಿಲ್ಲವಾದರೂ, ಅವನು ಅದಕ್ಕೆ ಹೊಂದಿಕೊಂಡ ಮೇಲೆ ಆರ್ಸೆನಲ್ 1930ರಲ್ಲಿ ಎಫ್.ಎ. ಕಪ್ಪನ್ನೂ 1931ರಲ್ಲಿ ಲೀಗನ್ನೂ ಗೆದ್ದಿತು. ಉಳಿದ ತಂಡಗಳೆಲ್ಲವೂ ಚಾಪ್‌ಮನ್ನನ ಮೂರನೆಯ ಬ್ಯಾಕನ್ನು ನಕಲುಮಾಡಿದುವು. ಜೇಮ್ಸನನ್ನು ನಕಲುಮಾಡುವ ಉಪಾಯ ಯಾರಿಗೂ ತೋರಲಿಲ್ಲ. ಆದಕಾರಣ ಒಂದು ತಲೆಮಾರಿನ ಇಂಗ್ಲಿಷ್ ಆಟವು ಚಾಪ್‌ಮನ್ನನ ರಕ್ಷಣೆಯನ್ನು ಇಟ್ಟುಕೊಂಡು ಅವನ ಆಕ್ರಮಣವನ್ನು ಕಳೆದುಕೊಂಡಿತು.

ಆ ನಕಲಿನ ಲೆಕ್ಕ ಚುಕ್ತಾ ಆದದ್ದು 1953ರ ನವೆಂಬರ್ 25ರಂದು, ವೆಂಬ್ಲಿಯಲ್ಲಿ, ಲಕ್ಷಕ್ಕೂ ಮೀರಿದ ಪ್ರೇಕ್ಷಕರ ಎದುರಿನಲ್ಲಿ. ಐರೋಪ್ಯ ಖಂಡದ ಯಾವ ತಂಡಕ್ಕೂ ಇಂಗ್ಲೆಂಡು ತನ್ನ ನೆಲದಲ್ಲಿ ಅದುವರೆಗೆ ಸೋತಿರಲಿಲ್ಲ. ಹಂಗೆರಿ ಆರು, ಇಂಗ್ಲೆಂಡು ಮೂರು: ಒಂಬತ್ತು ಗೋಲುಗಳೂ ಹೆಚ್ಚುಕಡಮೆ ಮೊದಲ ಒಂದು ಗಂಟೆಯಲ್ಲಿಯೇ ಮುಗಿದುವು. ಎರಡು ಪಕ್ಷದವರಿಗೂ ಈ ಪಂದ್ಯ ಪ್ರಮಾಣಗ್ರಂಥವಿದ್ದಂತೆ; ಇಬ್ಬರೂ ಇದರಿಂದಲೇ ಉದ್ಧರಿಸುತ್ತಾರೆ, ಇಬ್ಬರೂ ಅರ್ಧವನ್ನು ಮಾತ್ರ ಓದುತ್ತಾರೆ.

ಪ್ರತಿಭಾಪಕ್ಷದವರು ತೋರಿಸುವುದು ಮೂರನೆಯ ಗೋಲನ್ನು. ಗೋಲಿನ ಬಲಪಕ್ಕದಲ್ಲಿ ಹಂಗೆರಿಯ ಪುಷ್ಕಾಶನ ಕಾಲಿಗೆ ಚೆಂಡು ಬಂದಿತು; ಇಂಗ್ಲೆಂಡಿನ ನಾಯಕ ಬಿಲ್ಲಿ ರೈಟ್ ಅವನ ಮೇಲೆ ಜಾರಿ ಬಂದನು; ಪುಷ್ಕಾಶ್ ಅಂಗಾಲಿನಿಂದ ಚೆಂಡನ್ನು ತನ್ನತ್ತ ಹಿಂದಕ್ಕೆ ಎಳೆದುಕೊಂಡನು; ರೈಟ್ ಚೆಂಡಿಲ್ಲದ ಜಾಗವನ್ನು ಒದ್ದು ಮುಂದೆ ಸಾಗಿಹೋದನು; ಅವನು ತಿರುಗುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು. ಇದನ್ನು ಯಾವ ಕರಿಹಲಗೆಯ ಮೇಲೆ ಬರೆದು ಕಲಿಸಬಹುದೆಂದು ಅವರು ಕೇಳುತ್ತಾರೆ. ಯಾರೂ ಕಲಿಸಲಾರರೆಂಬುದು ನಿಜ. ಆದರೆ ಅವನು ಅಲ್ಲಿ ಒಬ್ಬನೇ ರೈಟನಿಗೆ ಎದುರಾಗಿ ನಿಂತದ್ದು ಹೇಗೆ, ಉಳಿದ ಇಂಗ್ಲಿಷ್ ರಕ್ಷಕರು ಆ ಹೊತ್ತಿನಲ್ಲಿ ಎಲ್ಲಿದ್ದರು ಎಂಬ ಪ್ರಶ್ನೆಯನ್ನು ಅವರು ಕೇಳುವುದಿಲ್ಲ.

ಅದಕ್ಕೆ ಉತ್ತರ ಅಂಗಿಗಳ ಬೆನ್ನಿನ ಮೇಲೆ ಇತ್ತು. ಇಂಗ್ಲೆಂಡಿನಲ್ಲಿ ಅಂಗಿಯ ಅಂಕೆಯೆಂದರೆ ಉದ್ಯೋಗದ ಹೆಸರು: 9 ಎಂದರೆ ಸೆಂಟರ್ ಫಾರ್ವರ್ಡ್, 5 ಎಂದರೆ ಅವನನ್ನು ಕಾಯುವ ಸೆಂಟರ್ ಹಾಫ್, ಐದನೆಯವನು ಒಂಬತ್ತನೆಯವನನ್ನು ಹಿಡಿದರೆ ಅರ್ಧ ಕೆಲಸ ಆದಂತೆ. ಹಂಗೆರಿಯವರಲ್ಲಿ 5 ತೊಟ್ಟಿದ್ದವನು ನಡುವಿನಲ್ಲಿ ಆಟ ಕಟ್ಟುವ ಬೋಜಿಕ್. 9 ತೊಟ್ಟಿದ್ದವನು ನಾಂದೋರ್ ಹಿಡೆಗ್‌ಕುಟಿ, ಮತ್ತು ಅವನು ಒಂಬತ್ತನೆಯವನು ನಿಲ್ಲತಕ್ಕ ಜಾಗದಲ್ಲಿ ನಿಲ್ಲಲೇ ಇಲ್ಲ. ಮಧ್ಯರೇಖೆಯ ಆಸುಪಾಸಿನಲ್ಲಿ ಸಂಚರಿಸುತ್ತ, ಬೇಕಾದಾಗ ಮಾತ್ರ ಮುಂದೆ ನುಗ್ಗಿ, ತಾನೇ ಮೂರು ಗೋಲು ಹೊಡೆದನು. ಮೊದಲನೆಯದನ್ನು ಮೊದಲ ನಿಮಿಷದಲ್ಲಿಯೇ. ಅವನನ್ನು ಕಾಯಬೇಕಾದವನು ಬ್ಲ್ಯಾಕ್‌ಪೂಲಿನ ಹ್ಯಾರಿ ಜಾನ್‌ಸ್ಟನ್. ಬೆನ್ನಟ್ಟಿ ಹೋದರೆ ಹಿಂದೆ ಬಾಗಿಲು ತೆರೆದಂತಾಗಿ ಅದರೊಳಕ್ಕೆ ಪುಷ್ಕಾಶ್‌, ಕೋಚಿಶ್‌ಗಳು ನುಗ್ಗುವರು; ಹೋಗದೆ ನಿಂತರೆ ಹಿಡೆಗ್‌ಕುಟಿ ತಲೆಯೆತ್ತಿ, ನಾಲ್ಕೂ ದಿಕ್ಕನ್ನು ನೋಡಿ, ಸಾವಕಾಶವಾಗಿ ಚೆಂಡನ್ನು ಹಂಚುವನು. ಜಾನ್‌ಸ್ಟನ್ ಹೋಗಲೂ ಇಲ್ಲ, ನಿಲ್ಲಲೂ ಇಲ್ಲ. ಇವನು ಕಳಪೆ ಆಟಗಾರನೆಂದು ತಿಳಿಯುವುದು ಅನ್ಯಾಯ: 1951ರಲ್ಲಿ ಇಂಗ್ಲೆಂಡಿನ ಪತ್ರಕರ್ತರು ವರ್ಷದ ಆಟಗಾರನೆಂದು ಆರಿಸಿದವನು, ಆರು ತಿಂಗಳ ಹಿಂದೆ ಇದೇ ವೆಂಬ್ಲಿಯಲ್ಲಿ ಎಫ್.ಎ. ಕಪ್ಪನ್ನು ನಾಯಕನಾಗಿ ಎತ್ತಿಹಿಡಿದವನು. ಅಂದು ಅವನ ಸಾಮರ್ಥ್ಯ ಒಂದು ಗುಲಗಂಜಿಯಷ್ಟೂ ಕಡಮೆಯಾಗಿರಲಿಲ್ಲ. ಅದನ್ನು ಪ್ರಯೋಗಿಸಲು ಅವನಿಗೆ ಜಾಗವೇ ದೊರೆಯಲಿಲ್ಲ.

ಹೀಗೆ ಹೇಳಿದೊಡನೆ ವ್ಯೂಹಪಕ್ಷದವರು ಗೆದ್ದೆವೆಂದು ಎದ್ದುನಿಲ್ಲುತ್ತಾರೆ. ಅವರು ಕುಳಿತುಕೊಳ್ಳಬೇಕು. ವೆಂಬ್ಲಿಗೆ ಹತ್ತು ದಿನ ಮೊದಲು ಬುಡಾಪೆಸ್ಟಿನಲ್ಲಿ ಇದೇ ಹಂಗೆರಿಯೊಡನೆ ಸ್ವೀಡನ್ನಿನವರು ಎರಡು ಗೋಲಿಗೆ ಎರಡು ಗೋಲು ಹೊಡೆದು ಸಮ ಮಾಡಿದ್ದರು, ಆ ಸ್ವೀಡನ್ನಿಗೆ ತರಬೇತು ಕೊಟ್ಟವನು ಜಾರ್ಜ್ ರೇನರ್ ಎಂಬ ಇಂಗ್ಲಿಷಿನವನೇ. ಅಂದಮೇಲೆ ಹಿಡೆಗ್‌ಕುಟಿಯ ಸಂಚಾರವು ಬಿಡಿಸಲಾರದ ಒಗಟಾಗಿರಲಿಲ್ಲ. ಇನ್ನೂ ಕಠಿನವಾದ ಸಾಕ್ಷ್ಯ ಮುಂದಿದೆ. ವೆಂಬ್ಲಿಯ ಬಳಿಕ ಇಂಗ್ಲೆಂಡಿಗೆ ಆರು ತಿಂಗಳ ಕಾಲಾವಕಾಶ ದೊರೆಯಿತು. ಒಂಬತ್ತನೆಯವನು ಎಲ್ಲಿ ತಿರುಗುತ್ತಾನೆಂಬುದನ್ನು ಅಷ್ಟರಲ್ಲಿ ಶಾಲೆಯ ಹುಡುಗರೂ ಅರಿತಿದ್ದರು. 1954ರ ಮೇ 23ರಂದು ಬುಡಾಪೆಸ್ಟಿನಲ್ಲಿ ಇಂಗ್ಲೆಂಡು ಒಂದಕ್ಕೆ ಏಳು ಗೋಲುಗಳಿಂದ ಸೋತಿತು. ಗುಟ್ಟು ಬಯಲಾದ ಮೇಲೆ ಸೋಲು ಚಿಕ್ಕದಾಗುವ ಬದಲು ದೊಡ್ಡದಾಯಿತೆಂದರೆ, ಗೆಲುವಿನ ಬಹುಭಾಗ ಆ ಗುಟ್ಟಿನಲ್ಲಿ ಇರಲಿಲ್ಲವೆಂದೇ ಅರ್ಥ.

ಎಲ್ಲಿತ್ತು ಹಾಗಾದರೆ? ನನ್ನ ಅಭಿಪ್ರಾಯದಲ್ಲಿ, ಎರಡು ಪಕ್ಷದವರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಹವಾಸದಲ್ಲಿ. ಹಂಗೆರಿ ತಂಡದ ಬಹುಪಾಲು ಮಂದಿ ಹೊನ್‌ವೇದ್ ಎಂಬ ಒಂದೇ ಕ್ಲಬ್ಬಿನವರು. ಅದು ಸೈನ್ಯದ ತಂಡ, ಸರ್ಕಾರಕ್ಕೆ ಬೇಕಾದ ಆಟಗಾರನನ್ನು ಸೈನ್ಯಕ್ಕೆ ಸೇರಿಸಿಕೊಂಡರೆ ಆಯಿತು. ಪುಷ್ಕಾಶನೂ ಬೋಜಿಕನೂ ಬುಡಾಪೆಸ್ಟಿನ ಹೊರವಲಯದ ಕಿಶ್‌ಪೆಶ್ಟ್‌ನಲ್ಲಿ ನೆರೆಮನೆಯ ಹುಡುಗರಾಗಿ ಒಟ್ಟಿಗೆ ಚೆಂಡು ಒದ್ದು ಬೆಳೆದವರು. ಹಿಂದೆ ಸರಿದು ಆಡುವ ಸೆಂಟರ್ ಫಾರ್ವರ್ಡ್ ಎಂಬ ಕಲ್ಪನೆಯನ್ನು ಎಂ.ಟಿ.ಕೆ. ಎಂಬ ಇನ್ನೊಂದು ಕ್ಲಬ್ಬಿನಲ್ಲಿ ಮಾರ್ತೋನ್ ಬುಕೋವಿ ಮೊದಲೇ ಹದಗೊಳಿಸಿದ್ದನು; ಹಿಡೆಗ್‌ಕುಟಿ ಅಲ್ಲಿಯವನು. ರಾಷ್ಟ್ರೀಯ ತಂಡದ ಹೊಣೆ ಹೊತ್ತಿದ್ದ ಗುಸ್ತಾವ್ ಶೆಬೆಶ್, ವೆಂಬ್ಲಿಯ ಅಂಗಳದ ಅಳತೆಯನ್ನು ತಿಳಿದುಕೊಂಡು, ಇಂಗ್ಲೆಂಡಿನ ಭಾರವಾದ ಚೆಂಡುಗಳನ್ನು ತರಿಸಿ, ತನ್ನವರಿಗೆ ಅಭ್ಯಾಸ ಮಾಡಿಸಿದ್ದನು. ಎದುರುಗಡೆ ಇಂಗ್ಲೆಂಡಿನ ತಂಡವನ್ನು ಆರಿಸುತ್ತಿದ್ದುದು ಒಂದು ಸಮಿತಿ. ತರಬೇತುದಾರನೆಂದು ವಾಲ್ಟರ್ ವಿಂಟರ್‌ಬಾಟಮ್ ಇದ್ದನಾದರೂ ಯಾರು ಆಡಬೇಕೆಂಬುದನ್ನು ನಿರ್ಧರಿಸುವವರು ಸಮಿತಿಯ ಹಿರಿಯರು. ಅಂದು ಅವರು ಆರಿಸಿದ ಹನ್ನೊಂದು ಮಂದಿಯಲ್ಲಿ ಎರ್ನಿ ಟೇಲರ್, ಜಾರ್ಜ್ ರಾಬ್ ಇಬ್ಬರಿಗೂ ಅದು ಇಂಗ್ಲೆಂಡಿನ ಪರವಾದ ಮೊದಲ ಪಂದ್ಯ, ಇಬ್ಬರಿಗೂ ಅದೇ ಕೊನೆಯದು. ಹೆಸರುಗಳನ್ನು ಜೋಡಿಸಿದರೆ ತಂಡವಾಗುತ್ತದೆಂಬ ನಂಬಿಕೆಗೆ ಆ ಸಮಿತಿಗಿಂತ ಶುದ್ಧವಾದ ಉದಾಹರಣೆ ನನಗೆ ತಿಳಿಯದು. ವ್ಯೂಹವೇ ಬೇಡವೆನ್ನುವವನೂ ಹನ್ನೊಂದು ಮಂದಿಯನ್ನು ಎಲ್ಲಿಯಾದರೂ ನಿಲ್ಲಿಸಲೇಬೇಕು. ಯೋಚಿಸಿ ನಿಲ್ಲಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

1954ರ ಜುಲೈ 4ರಂದು ಬರ್ನ್ ನಗರದ ಮಳೆಯಲ್ಲಿ ಹಂಗೆರಿಯೂ ಸೋತಿತು. ನಾಲ್ಕು ವರ್ಷ ಸೋಲರಿಯದ ತಂಡ, ಮೊದಲ ಸುತ್ತಿನಲ್ಲಿ ಪಶ್ಚಿಮ ಜರ್ಮನಿಯ ಮೇಲೆ ಎಂಟು ಗೋಲು ಹೊಡೆದ ತಂಡ, ವಿಶ್ವಕಪ್ಪಿನ ಅಂತಿಮ ಪಂದ್ಯದ ಮೊದಲ ಎಂಟು ನಿಮಿಷಗಳಲ್ಲಿ ಎರಡು ಗೋಲು ಮುಂದಿದ್ದು, ಕೊನೆಗೆ ಅದೇ ಜರ್ಮನಿಗೆ ಎರಡಕ್ಕೆ ಮೂರರಿಂದ ಸೋತಿತು. ಹಿಡೆಗ್‌ಕುಟಿಯ ಬೆನ್ನಿಗೆ ಹೋರ್ಸ್ಟ್ ಎಕೆಲ್‌ನನ್ನು ಬಿಟ್ಟಿದ್ದರೆಂಬುದು ವ್ಯೂಹದ ಮಾತು. ಪುಷ್ಕಾಶನ ಕಾಲು ಪೂರ್ತಿ ವಾಸಿಯಾಗಿರಲಿಲ್ಲವೆಂಬುದು ಸಾಮರ್ಥ್ಯದ ಮಾತು. ಅಂಗಳ ಕೆಸರಾಗಿತ್ತೆಂಬುದು ಯಾವ ಪಕ್ಷಕ್ಕೂ ಸೇರದ ಮಾತು. ಇವುಗಳಲ್ಲಿ ಒಂದನ್ನೇ ಹಿಡಿದು ಪುಸ್ತಕ ಬರೆಯುವವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಹಂಗೆರಿಯ ಪಾಠವನ್ನು ಇಂಗ್ಲೆಂಡಿನಲ್ಲಿ ಮನಸ್ಸಿಟ್ಟು ಓದಿದ್ದು ಮ್ಯಾಂಚೆಸ್ಟರ್ ಸಿಟಿ. 1954ರ ಆಗಸ್ಟಿನಲ್ಲಿ ಡಾನ್ ರೆವಿಯನ್ನು ಹಿಡೆಗ್‌ಕುಟಿಯಂತೆ ಹಿಂದೆ ನಿಲ್ಲಿಸಿ ಆಡಿದ ಮೊದಲ ಪಂದ್ಯದಲ್ಲಿ ಅವರು ಪ್ರೆಸ್ಟನ್ನಿಗೆ ಐದು ಗೋಲಿನಿಂದ ಸೋತರು. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಇವರು ಬಿಡಲಿಲ್ಲ, ಆ ಋತುವಿನಲ್ಲಿಯೇ ಎಫ್.ಎ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿ ಸೋತು, ಮರುವರ್ಷ ಅದನ್ನು ಗೆದ್ದರು. ಸೋತಾಗಲೂ ಗೆದ್ದಾಗಲೂ ನಕ್ಷೆ ಒಂದೇ. ನಡುವೆ ಬದಲಾದದ್ದು, ಆ ನಕ್ಷೆಯೊಳಗೆ ಒಬ್ಬರನ್ನೊಬ್ಬರು ನೋಡದೆಯೇ ಅರಿಯುವ ಅಭ್ಯಾಸ. ರೆವಿ ತಂಡವನ್ನು ಬಿಟ್ಟ ಬಳಿಕ ಅವನ ಹೆಸರಿನ ಆ ಯೋಜನೆಯೂ ಮರೆಗೆ ಸರಿಯಿತು.

1958ರ ಬ್ರೆಜಿಲನ್ನು ಇಲ್ಲಿ ವಿಸ್ತರಿಸುವುದಿಲ್ಲ, ಅದು ಎಲ್ಲರೂ ಬಲ್ಲ ಕಥೆ. ಸಂಖ್ಯಾಪ್ರಿಯರಿಗೆ ಮಾತ್ರ ಒಂದು ವಿಚಾರವನ್ನು ನೆನಪಿಸಬೇಕು: 4-2-4 ಎಂದು ಜಗತ್ತೆಲ್ಲ ಬರೆದುಕೊಂಡ ಆ ವ್ಯೂಹದಲ್ಲಿ ಎಡಪಕ್ಕದ ಜಗಾಲೋ ದಣಿವಿಲ್ಲದೆ ಹಿಂದಕ್ಕೂ ಮುಂದಕ್ಕೂ ಓಡುತ್ತಿದ್ದುದರಿಂದ ಅದು ಅರ್ಧ ಹೊತ್ತು 4-3-3 ಆಗಿಯೇ ಇರುತ್ತಿತ್ತು. ಅಂಕೆಗಳು ಚೆಂಡು ಉರುಳುವುದಕ್ಕೆ ಮುಂಚಿನ ನಿಲುವನ್ನು ಹೇಳುತ್ತವೆ; ಒಬ್ಬ ಮನುಷ್ಯನ ಪುಪ್ಪುಸದ ಬಲವನ್ನು ಹೇಳುವುದಿಲ್ಲ. ಹಿಡೆಗ್‌ಕುಟಿಯ ಒಗಟು ಐವತ್ತಾರು ವರ್ಷಗಳ ಮೇಲೆ, 2009ರ ಮೇ 2ರಂದು, ಮ್ಯಾಡ್ರಿಡ್ಡಿನಲ್ಲಿ ಮತ್ತೆ ತಲೆಯೆತ್ತಿದ್ದನ್ನು ಮಾತ್ರ ಬಿಡಲಾಗದು. ಪ್ರವಾಸಿ ತಂಡದ ತರಬೇತುದಾರ ಗ್ವಾರ್ದಿಯೋಲಾ ಅಂದು ಮೆಸ್ಸಿಯನ್ನು ಬಲಪಕ್ಕದಿಂದ ತಂದು ನಡುವಿನಲ್ಲಿ, ಆದರೆ ಹಿಂದೆ, ನಿಲ್ಲಿಸಿದನು. ರಿಯಲ್ ಮ್ಯಾಡ್ರಿಡ್ ತನ್ನ ನೆಲದಲ್ಲಿ ಎರಡಕ್ಕೆ ಆರರಿಂದ ಸೋತಿತು. ಹೋಗಲೋ ನಿಲ್ಲಲೋ ಎಂದು ತಿಳಿಯದೆ ತತ್ತರಿಸಿದ ಇಬ್ಬರು ರಕ್ಷಕರಲ್ಲಿ ಒಬ್ಬನಾದ ಕನಾವಾರೊ 2006ರಲ್ಲಿ ಇಟಲಿಗೆ ವಿಶ್ವಕಪ್ಪನ್ನು ಗೆದ್ದುಕೊಟ್ಟ ನಾಯಕ. ಇಷ್ಟೂ ಹಳೆಯ ವಿದ್ಯೆ, ಪುಸ್ತಕಗಳಲ್ಲಿ ಅಚ್ಚಾದ ವಿದ್ಯೆ. ಆದರೆ ಆ ಜಾಗದಲ್ಲಿ ನಿಲ್ಲಲು ಒಬ್ಬ ಮೆಸ್ಸಿ ದೊರೆತಾಗ ಅದು ಹೊಸದಾಯಿತು.

ನಮ್ಮ ದೇಶದ ಆಟವನ್ನು ಕುರಿತ ಬರವಣಿಗೆಯಲ್ಲಿ ಹೆಸರುಗಳ ಪಕ್ಷವೇ ಬಲಿಷ್ಠ. ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐವರು ಫಾರ್ವರ್ಡುಗಳನ್ನು ಜನ ಪಂಚಪಾಂಡವರೆಂದು ಕರೆದರು. ಅವರಲ್ಲಿ ಬೆಂಗಳೂರಿನ ಅಹಮದ್ ಖಾನ್ ಒಬ್ಬನು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾದ ಹತ್ತು ಗೋಲಿಗೆ ಭಾರತ ಹೊಡೆದ ಒಂದೇ ಗೋಲು ಅವನದು. ಆ ಸೋಲಿನಲ್ಲಿ ಚಳಿಯ ಪಾಲೆಷ್ಟು, ಬರಿಗಾಲಿನ ಪಾಲೆಷ್ಟು, ಐವರನ್ನು ಮುಂದೆ ನಿಲ್ಲಿಸಿದ ಹಳೆಯ ವ್ಯೂಹದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಅದರಿಂದ ಕಲಿತವನೊಬ್ಬನು ಇದ್ದನು, ಹೈದರಾಬಾದಿನಲ್ಲಿ ಶಾಲಾಶಿಕ್ಷಕನಾಗಿದ್ದ ಸೈಯದ್ ಅಬ್ದುಲ್ ರಹೀಮ್. ನಾಲ್ಕು ವರ್ಷಗಳ ಮೇಲೆ ಮೆಲ್ಬೋರ್ನಿನಲ್ಲಿ ಅವನ ತಂಡ ನಾಲ್ಕನೆಯ ಸ್ಥಾನಕ್ಕೆ ಏರಿತು. ಬೆಂಗಳೂರಿನ ಕೆಂಪಯ್ಯ ಆ ತಂಡದ ಹಾಫ್‌ಬ್ಯಾಕುಗಳಲ್ಲಿ ಒಬ್ಬನು.

ರಹೀಮನ ಬುದ್ಧಿಯನ್ನು ಹತ್ತಿರದಿಂದ ನೋಡಬೇಕೆನ್ನುವವರು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟವನ್ನು ನೋಡಬೇಕು. ಮೊದಲ ಸುತ್ತಿನಲ್ಲಿ ದಕ್ಷಿಣ ಕೊರಿಯಾಕ್ಕೆ ಎರಡು ಗೋಲಿನಿಂದ ಸೋತ ಭಾರತ, ಅಂತಿಮ ಪಂದ್ಯದಲ್ಲಿ ಅದೇ ಕೊರಿಯಾವನ್ನು ಎದುರಿಸಬೇಕಾಯಿತು. ತಂಡದ ಅತ್ಯುತ್ತಮ ರಕ್ಷಕ ಜರ್ನೈಲ್ ಸಿಂಗನ ತಲೆಗೆ ಹಿಂದಿನ ಪಂದ್ಯವೊಂದರಲ್ಲಿ ಗಾಯವಾಗಿ ಹೊಲಿಗೆ ಬಿದ್ದಿತ್ತು. ರಕ್ಷಕನಿಗಾದರೋ ತಲೆಯೇ ಆಯುಧ. ಹೆಸರುಗಳನ್ನು ನಂಬುವವನು ಅವನನ್ನು ಹಾಗೆಯೇ ಹಿಂದೆ ನಿಲ್ಲಿಸುತ್ತಿದ್ದನು, ವ್ಯೂಹವನ್ನು ನಂಬುವವನು ಅವನನ್ನು ಕೂರಿಸಿ ಇನ್ನೊಬ್ಬ ರಕ್ಷಕನನ್ನು ಇಳಿಸುತ್ತಿದ್ದನು. ರಹೀಮ್ ಅವನನ್ನು ಸೆಂಟರ್ ಫಾರ್ವರ್ಡಾಗಿ ಮುಂದಕ್ಕೆ ಕಳುಹಿಸಿದನು. ದಕ್ಷಿಣ ವಿಯೆಟ್ನಾಮಿನ ಮೇಲೆ ಸೆಮಿಫೈನಲಿನಲ್ಲಿ ಅವನದೊಂದು ಗೋಲು. ಸೆಪ್ಟೆಂಬರ್ 4ರಂದು, ಭಾರತದವರನ್ನು ಕಂಡರಾಗದ ಭಾರಿ ಜನಸ್ತೋಮದ ನಡುವೆ, ಪಿ.ಕೆ. ಬ್ಯಾನರ್ಜಿಯದೊಂದು ಗೋಲಿನ ಹಿಂದೆಯೇ ಜರ್ನೈಲನದೊಂದು. ಎರಡಕ್ಕೆ ಒಂದರಿಂದ ಭಾರತ ಚಿನ್ನ ಗೆದ್ದಿತು. ಮರುವರ್ಷ ರಹೀಮ್ ತೀರಿಕೊಂಡನು. ಆ ಆಟಗಾರರಲ್ಲಿ ಹಲವರು ಇನ್ನೂ ಹಲವು ವರ್ಷ ಆಡಿದರು. ಏಷ್ಯನ್ ಕ್ರೀಡಾಕೂಟದ ಚಿನ್ನ ಮತ್ತೆ ಬರಲಿಲ್ಲ. ಬೆಂಗಳೂರಿನಿಂದಲೂ ಹೈದರಾಬಾದಿನಿಂದಲೂ ಎಂಥ ರತ್ನಗಳು ಬಂದವೆಂದು ಪಟ್ಟಿ ಮಾಡುತ್ತ ಕುಳಿತಿರುವ ನಮ್ಮ ಲೇಖಕರು ಆ ರತ್ನಗಳನ್ನು ಕೋದ ಮೇಷ್ಟರಿಗೂ ಒಂದು ಅಧ್ಯಾಯವನ್ನು ಮೀಸಲಿಡಬಾರದೇ ಎಂದು ನನಗೆ ಅನೇಕ ಬಾರಿ ಅನಿಸಿದೆ.

ಹೀಗಿರಲಾಗಿ, ವ್ಯೂಹವು ಸಾಮರ್ಥ್ಯವನ್ನು ಹುಟ್ಟಿಸಲಾರದು, ಹಂಚಬಲ್ಲದು ಎಂಬುದು ನನ್ನ ತೀರ್ಮಾನ: ಯಾರ ಕಾಲಿಗೆ, ಎಷ್ಟು ಬಿಡುವಿನಲ್ಲಿ, ಯಾವ ದಿಕ್ಕಿಗೆ ಮುಖಮಾಡಿ ಚೆಂಡು ಬರಬೇಕೆಂಬುದನ್ನೂ, ಎದುರಾಳಿಗಳಲ್ಲಿ ಯಾರ ವಿದ್ಯೆ ಆ ದಿನ ನಿರುಪಯೋಗವಾಗಬೇಕೆಂಬುದನ್ನೂ ಅದು ನಿರ್ಧರಿಸುತ್ತದೆ. ಅದನ್ನು ಈ ಒರೆಗಲ್ಲಿಗೆ ಉಜ್ಜಿ ನೋಡುವ ವಿಮರ್ಶೆ ನಮಗೆ ಬೇಕು. ಅಂಕೆಗಳನ್ನು ಅದಲುಬದಲು ಮಾಡುವ ವಿಮರ್ಶೆಯಿಂದಲೂ ಹೆಸರುಗಳಿಗೆ ಆರತಿ ಎತ್ತುವ ವಿಮರ್ಶೆಯಿಂದಲೂ ಆಟ ಅರ್ಥವಾಗುವುದಿಲ್ಲ. ಎರಡು ದೋಷಗಳಲ್ಲಿ ಯಾವುದು ಹೆಚ್ಚು ಹಾನಿಕರವೆಂದು ಕೇಳಿದರೆ ನಾನು ಎರಡನೆಯದನ್ನು ತೋರಿಸುವೆನು. ಅದಕ್ಕೆ ಇಂಗ್ಲೆಂಡೇ ಸಾಕ್ಷಿ. ವೆಂಬ್ಲಿಯಲ್ಲಿ ಹಂಗೆರಿಗೆ ಸೋತ ತಂಡದಲ್ಲಿ ಬಲಗಡೆಯ ಬ್ಯಾಕಾಗಿದ್ದವನು ಆಲ್ಫ್ ರಾಮ್ಸೆ; ಅವನಿಗೆ ಅದು ಕಡೆಯ ಅಂತರರಾಷ್ಟ್ರೀಯ ಪಂದ್ಯ. ತಂಡವನ್ನು ತಾನೊಬ್ಬನೇ ಆರಿಸುವೆನೆಂಬ ಕರಾರಿನ ಮೇಲೆ ಅವನು ಇಂಗ್ಲೆಂಡಿನ ತರಬೇತುದಾರನಾದನು, 1963ರಲ್ಲಿ ಸಮಿತಿಯ ಅಧಿಕಾರ ಕೊನೆಗೊಂಡಿತು. ಮೂರು ವರ್ಷಗಳ ಮೇಲೆ ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಅವನು ಪಕ್ಕದಲ್ಲಿ ಆಡುವ ವಿಂಗರುಗಳನ್ನು ಕೈಬಿಟ್ಟು, ಗಾಯದಿಂದ ಚೇತರಿಸಿಕೊಂಡಿದ್ದ ಜಿಮ್ಮಿ ಗ್ರೀವ್ಸನನ್ನು, ಎಂದರೆ ದೇಶದ ಅತಿ ನಿಪುಣ ಗೋಲುಗಾರನನ್ನು, ಹೊರಗೆ ಕೂರಿಸಿ ಜೆಫ್ ಹರ್ಸ್ಟನನ್ನು ಆಡಿಸಿದನು. ಹರ್ಸ್ಟ್ ಗ್ರೀವ್ಸನಿಗಿಂತ ಉತ್ತಮ ಆಟಗಾರನೆಂದು ಹೇಳುವವರು ಅಂದೂ ವಿರಳ, ಇಂದೂ ವಿರಳ. ಅವನು ಅಂದು ಮೂರು ಗೋಲು ಹೊಡೆದನು, ಇಂಗ್ಲೆಂಡು ಎರಡಕ್ಕೆ ನಾಲ್ಕರಿಂದ ಗೆದ್ದಿತು.